ಮನೆಯ ನೆಟ್ ನಿಧಾನವೇ? ಮೊದಲು ಲೆಕ್ಕ ನೋಡಿ



ಇವತ್ತು ನಾನು ನಿಮ್ಮೊಡನೆ ಮಾತನಾಡಲಿರುವುದು ನಮ್ಮ ಮನೆಗಳಿಗೆ ಬಂದಿರುವ ಇಂಟರ್ನೆಟ್ಟಿನ ವೇಗದ ಬಗ್ಗೆ. ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಬದಲಿಸಿ ಈ ವೇಗವನ್ನು ಹೆಚ್ಚಿಸಿಕೊಳ್ಳಬಹುದೇ? ಹೆಚ್ಚಿಸಿಕೊಳ್ಳುವುದಾದರೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು? ನನಗೆ ತಿಳಿದಷ್ಟನ್ನು ಹೇಳುತ್ತೇನೆ. ನಾನು ಎಂಜಿನಿಯರ್ ಅಲ್ಲ. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿಗೆ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾಗಿ ಫಾತೋರ್ಡಾದಲ್ಲಿ ನೆಲೆಸಿದವನು. ಆದರೆ ಬ್ಯಾಂಕು ಲೆಡ್ಜರ್ ಬಿಟ್ಟು ಕಂಪ್ಯೂಟರ್ ಹಿಡಿದ ಕಾಲದಲ್ಲಿ ನಾನು ಕೌಂಟರಿನಲ್ಲಿ ಕುಳಿತಿದ್ದೆ. ಆ ಅಭ್ಯಾಸದಿಂದ ಈಗ ನಮ್ಮ ವಾಡ್ಯದ ಜನ ನೆಟ್ ನಿಂತರೆ ನನ್ನ ಬಾಗಿಲು ತಟ್ಟುತ್ತಾರೆ.

ನಿಧಾನವಾದರೇನು, ಸ್ವಲ್ಪ ಕಾದರಾಯಿತು ಎಂದು ಕೆಲವರು ಹೇಳಬಹುದು. ಸಿನಿಮಾ ನೋಡುವವರಿಗೆ ಆ ಮಾತು ಸರಿ. ಆದರೆ ನಮ್ಮ ಕಡೆಯ ಎಷ್ಟೋ ಮನೆಗಳ ಸ್ಥಿತಿ ಬೇರೆ. ದುಡಿಮೆ ಮಡಗಾಂವದಲ್ಲಿ, ಹೊಲ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ. ಪಹಣಿ ನೋಡಬೇಕಾದರೆ ಕರ್ನಾಟಕದ ಭೂಮಿ ವ್ಯವಸ್ಥೆಯನ್ನು ಇಲ್ಲಿಂದಲೇ ತೆರೆಯಬೇಕು. ನನ್ನಂಥ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಜೀವಂತವಾಗಿದ್ದೇವೆಂದು ದಾಖಲೆ ಕೊಡಬೇಕು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಯೋಜನೆ ಬಂದ ಮೇಲೆ ಅದನ್ನೂ ನೆಟ್ಟಿನಲ್ಲೇ ಕೊಡಬಹುದು. ಮಕ್ಕಳ ಪರೀಕ್ಷೆಯ ಅರ್ಜಿ, ಶುಲ್ಕ, ಪಾಠ ಎಲ್ಲವೂ ಅಲ್ಲಿಯೇ. ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ಅರ್ಜಿ ಅರ್ಧಕ್ಕೆ ನಿಂತು, ಮನೆಯವರು 'ನೆಟ್ ಚಲನಾ' ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತದ್ದನ್ನು ನೀವೂ ಕಂಡಿರಬಹುದು.

ಮೊದಲು ವೇಗ ಎಂದರೇನು ಎಂದು ನೋಡೋಣ. ಕಂಪನಿಯವರು 40 ಎಂಬಿಪಿಎಸ್ ಎಂದು ಹೇಳುತ್ತಾರೆ. ಇದು ಸೆಕೆಂಡಿಗೆ 40 ಮೆಗಾಬಿಟ್. ಆದರೆ ಕಂಪ್ಯೂಟರಿನಲ್ಲಿ ಫೈಲು ಇಳಿಸುವಾಗ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 40ನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 5 ಮೆಗಾಬೈಟ್ ಬರಬೇಕು. 100 ಮೆಗಾಬೈಟಿನ ಫೈಲು ಸುಮಾರು 20 ಸೆಕೆಂಡಿನಲ್ಲಿ ಇಳಿಯಬೇಕು. ಪರದೆಯ ಮೇಲೆ 5 ಎಂದು ಕಂಡು, '40 ಹೇಳಿ 5 ಕೊಡುತ್ತಾರೆ' ಎಂದು ಜಗಳಕ್ಕೆ ಹೋದವರನ್ನು ನಾನು ಕಂಡಿದ್ದೇನೆ. ಅಲ್ಲಿ ಮೋಸವಿಲ್ಲ, ಅಣೆ ಮತ್ತು ರೂಪಾಯಿಯ ಹಾಗೆ ಲೆಕ್ಕದ ಅಳತೆ ಬೇರೆ, ಅಷ್ಟೇ.

ನಾವು ಎಲ್ಲಿಂದ ಎಲ್ಲಿಗೆ ಬಂದಿದ್ದೇವೆ ಎಂಬುದನ್ನೂ ಹೇಳಬೇಕು. ನಮ್ಮ ದೇಶದ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಸಂಸ್ಥೆ ಇಂಟರ್ನೆಟ್ ಸೇವೆ ಆರಂಭಿಸಿದ್ದು 1995ರ ಆಗಸ್ಟ್ 15ರಂದು. ಟೆಲಿಫೋನ್ ತಂತಿಯ ಮೇಲೆ ಮೋಡೆಮ್ ಕಿರುಗುಟ್ಟುತ್ತ ಸಂಪರ್ಕವಾಗುತ್ತಿತ್ತು. ಮುಂದೆ ಬಂದ ಒಳ್ಳೆಯ ಮೋಡೆಮ್ಮಿನ ವೇಗವೂ 56 ಕಿಲೋಬಿಟ್ ಮಾತ್ರ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸರ್ಕಾರ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಸೇವೆ ಬಂತು. 2013ರಲ್ಲಿ ಆ ಕನಿಷ್ಠ ಮಿತಿಯನ್ನು 512 ಕಿಲೋಬಿಟ್‌ಗೂ, 2023ರಲ್ಲಿ 2 ಮೆಗಾಬಿಟ್‌ಗೂ ಏರಿಸಲಾಯಿತು. ಇವತ್ತಿನ 40 ಮೆಗಾಬಿಟ್ ಎಂದರೆ ಹಳೆಯ ಮೋಡೆಮ್ಮಿನ ಏಳುನೂರು ಪಟ್ಟು. ಇಷ್ಟಿದ್ದೂ ನಿಧಾನ ಎನಿಸಿದರೆ ಬರಬೇಕಾದದ್ದು ನಡುವೆ ಎಲ್ಲೋ ಸೋರಿಹೋಗುತ್ತಿದೆ ಎಂದರ್ಥ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ನಾವು ಹತ್ತು ಪೈಸೆಯ ವ್ಯತ್ಯಾಸಕ್ಕೂ ಕುಳಿತು ಹುಡುಕುತ್ತಿದ್ದೆವು. ಜೇಬಿನಿಂದ ಹತ್ತು ಪೈಸೆ ಹಾಕಿ ಎದ್ದುಬಿಡುವಂತಿರಲಿಲ್ಲ. ಯಾವ ಪುಟದಲ್ಲಿ, ಯಾವ ಸಾಲಿನಲ್ಲಿ ತಪ್ಪಿದೆ ಎಂದು ತಿಳಿಯಬೇಕಿತ್ತು. ನೆಟ್ಟಿಗೂ ಅದೇ ನಿಯಮ. ನಿಧಾನವಾಯಿತೆಂದು ದೊಡ್ಡ ಪ್ಲಾನಿಗೆ ದುಡ್ಡು ಕಟ್ಟುವುದು ಜೇಬಿನಿಂದ ಪೈಸೆ ಹಾಕಿದಂತೆಯೇ. ಹುಡುಕಬೇಕಾದ ಜಾಗ ಮೂರು: ಮನೆಯ ಹೊರಗಿನ ಲೈನು, ಮನೆಯೊಳಗಿನ ವೈಫೈ, ಕೊನೆಗೆ ಕಂಪ್ಯೂಟರು.

ಇದನ್ನು ಬೇರ್ಪಡಿಸುವ ಉಪಾಯ ಸುಲಭ. ಒಂದು ನೆಟ್‌ವರ್ಕ್ ಕೇಬಲಿನಿಂದ ಕಂಪ್ಯೂಟರನ್ನು ನೇರವಾಗಿ ರೂಟರಿಗೆ ಜೋಡಿಸಿ. ಮನೆಯ ಬೇರೆ ಫೋನುಗಳ ವೈಫೈ ಸ್ವಲ್ಪ ಹೊತ್ತು ಮುಚ್ಚಿಸಿ. ವೇಗ ಅಳೆಯುವ ಉಚಿತ ತಾಣವೊಂದನ್ನು ತೆರೆದು ಅಂಕಿಯನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ದಿನಾಂಕ, ಗಂಟೆ ಎರಡನ್ನೂ ಬರೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ಹೀಗೆ ಮೂರು ಸಲ. ಆಮೇಲೆ ಕೇಬಲ್ ತೆಗೆದು, ನೀವು ಯಾವಾಗಲೂ ಕೂರುವ ಜಾಗದಿಂದ ವೈಫೈ ಮೇಲೆ ಮತ್ತೆ ಅಳೆಯಿರಿ. ಕೇಬಲಿನಲ್ಲಿ ಪೂರ್ತಿ ಬಂದು ವೈಫೈಯಲ್ಲಿ ಕಡಿಮೆ ಬಂದರೆ ದೋಷ ಮನೆಯೊಳಗಿದೆ. ಕೇಬಲಿನಲ್ಲೂ ಕಡಿಮೆ ಬಂದರೆ ಇನ್ನೊಂದು ಕಂಪ್ಯೂಟರ್ ಜೋಡಿಸಿ ನೋಡಿ. ಅದರಲ್ಲಿ ಸರಿಯಿದ್ದರೆ ದೋಷ ನಿಮ್ಮ ಕಂಪ್ಯೂಟರಿನದು. ಅದರಲ್ಲೂ ಕಡಿಮೆಯಿದ್ದರೆ ಹೊರಗಿನ ಲೈನಿನದು.

ನಮ್ಮ ವಾಡ್ಯದಲ್ಲಿ ಒಂದು ಹಳೆಯ ಮನೆಯ ಹಿಂಭಾಗದಲ್ಲಿ ಬಾಗಲಕೋಟೆ ಕಡೆಯ ಒಂದು ಕುಟುಂಬ ಬಾಡಿಗೆಗಿದೆ. ಯಜಮಾನರದು ಗಾರೆ ಕೆಲಸ. ಮಗಳು ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಮನೆಯಲ್ಲೇ ನೆಟ್ಟಿನ ಪಾಠ ಕೇಳುತ್ತಿದ್ದಳು. ಪಾಠ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ಅವರು 40ರ ಪ್ಲಾನನ್ನು 100ಕ್ಕೆ ಏರಿಸಿದರು, ತಿಂಗಳಿಗೆ ಮುನ್ನೂರು ರೂಪಾಯಿ ಹೆಚ್ಚಾಯಿತು. ಪಾಠ ನಿಲ್ಲುವುದು ಮಾತ್ರ ನಿಲ್ಲಲಿಲ್ಲ. 'ಸಾಹೇಬ್ರ, ಇನ್ನೊಂದು ಸಲ ರೊಕ್ಕ ತುಂಬಿ ದೊಡ್ಡದು ಮಾಡಸೂಣೇನ್ರಿ?' ಎಂದು ಕೇಳಲು ಬಂದರು. 'ತಡೀರಿ, ಮೊದಲ ಲೆಕ್ಕಾ ನೋಡೂಣು' ಎಂದೆ. ರೂಟರಿನ ಪಕ್ಕದಲ್ಲಿ ಕೇಬಲ್ ಹಾಕಿ ಅಳೆದರೆ 90ರ ಮೇಲೆ ಬಂತು. ಹುಡುಗಿ ಕೂರುವ ಹಿಂದಿನ ಕೋಣೆಯಲ್ಲಿ 6 ಬಂತು.

ಕಾರಣ ಎದುರಿಗೇ ಇತ್ತು. ರೂಟರು ಮುಂದಿನ ಕೋಣೆಯಲ್ಲಿ, ಕಬ್ಬಿಣದ ಕಪಾಟಿನ ಹಿಂದೆ, ನೆಲದಿಂದ ಗೇಣೆತ್ತರದಲ್ಲಿತ್ತು. ನಡುವೆ ಚಿರೇಕಲ್ಲಿನ ಎರಡು ದಪ್ಪ ಗೋಡೆ. ಗೋವೆಯ ಹಳೆಯ ಮನೆಗಳ ಗೋಡೆ ಒಂದೂವರೆ ಅಡಿಗೂ ಮಿಕ್ಕಿರುವುದುಂಟು. ಸೆಖೆಗೆ ತಂಪು, ವೈಫೈಗೆ ಶತ್ರು. ಲೋಹ ರೇಡಿಯೋ ಅಲೆಯನ್ನು ಹಿಂದಕ್ಕೆ ತಿರುಗಿಸುತ್ತದೆ, ದಪ್ಪ ಕಲ್ಲು ಅದನ್ನು ನುಂಗುತ್ತದೆ. ಹದಿನೈದು ಮೀಟರ್ ಕೇಬಲ್ ತಂದು, ರೂಟರನ್ನು ನಡುಬಾಗಿಲಿನ ಮೇಲೆ ಆಳೆತ್ತರದಲ್ಲಿ ಕೂರಿಸಿದೆವು. ಹಿಂದಿನ ಕೋಣೆಯಲ್ಲಿ 45 ಬಂತು. ಮುಂದಿನ ತಿಂಗಳು ಅವರು ಮತ್ತೆ 40ರ ಪ್ಲಾನಿಗೇ ಇಳಿದರು. ಪಾಠ ನಿಲ್ಲಲಿಲ್ಲ.

ರೂಟರಿನ ಸೆಟ್ಟಿಂಗಿನಲ್ಲಿ ನೀವು ನೋಡಬೇಕಾದದ್ದು ಮೂರು ಸಂಗತಿ. ಒಂದನೆಯದು ಬ್ಯಾಂಡ್. ಈಗಿನ ಬಹುತೇಕ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಬ್ಯಾಂಡಿನಲ್ಲಿ ಕೆಲಸ ಮಾಡುತ್ತವೆ. 5ರದ್ದು ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಒಂದೇ ಕೋಣೆಯಲ್ಲಿದ್ದರೆ 5, ಗೋಡೆಯಾಚೆ ಇದ್ದರೆ 2.4 ಹಿಡಿಯಿರಿ. ಎರಡನೆಯದು ಚಾನೆಲ್. 2.4ರಲ್ಲಿ ಅಕ್ಕಪಕ್ಕದ ಚಾನೆಲುಗಳು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೊಂದು ತಾಗದವು 1, 6 ಮತ್ತು 11. ಅಕ್ಕಪಕ್ಕದ ಮನೆಗಳ ರೂಟರುಗಳು 6ರಲ್ಲಿದ್ದರೆ ನೀವು 1 ಅಥವಾ 11 ಮಾಡಿ ಅಳೆದು ನೋಡಿ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೇ 2.4ರ ಆಸುಪಾಸಿನಲ್ಲಿ ನಡೆಯುವುದರಿಂದ ರೂಟರನ್ನು ಅದರ ಬಳಿ ಇಡಬೇಡಿ. ಮೂರನೆಯದು ಪಾಸ್‌ವರ್ಡ್. ನಿಮ್ಮ ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಿಟ್ಟರೆ ಬೀದಿಯೆಲ್ಲ ನಿಮ್ಮ ನೆಟ್ ಬಳಸುತ್ತದೆ, ಬಿಲ್ಲು ನಿಮ್ಮದು.

ಈಗ ಕಂಪ್ಯೂಟರಿಗೆ ಬರೋಣ. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ಕಾಲಮ್ಮಿದೆ. ಯಾವ ಪ್ರೋಗ್ರಾಂ ಎಷ್ಟು ನೆಟ್ ತಿನ್ನುತ್ತಿದೆ ಎಂಬುದು ಅಲ್ಲಿ ಸಾಲಾಗಿ ಕಾಣುತ್ತದೆ. ನೀವು ಅರ್ಜಿ ತುಂಬುವ ಹೊತ್ತಿಗೇ ವಿಂಡೋಸ್ ತನ್ನ ಅಪ್‌ಡೇಟ್ ಇಳಿಸುತ್ತಿರಬಹುದು, ಮದುವೆಯ ಫೋಟೋಗಳೆಲ್ಲ ಕ್ಲೌಡಿಗೆ ಏರುತ್ತಿರಬಹುದು. ಏರಿಸುವ ಕೆಲಸ ದಾರಿ ತುಂಬಿಕೊಂಡರೆ ಇಳಿಸುವುದೂ ನಿಧಾನವಾಗುತ್ತದೆ, ಏಕೆಂದರೆ ಬಂದ ಪ್ರತಿ ಕಂತಿಗೂ 'ಮುಟ್ಟಿತು' ಎಂಬ ರಸೀದಿ ಹಿಂದಕ್ಕೆ ಹೋಗಬೇಕು. ಸೆಟ್ಟಿಂಗಿನ ನೆಟ್‌ವರ್ಕ್ ಭಾಗದಲ್ಲಿ ಮೀಟರ್ಡ್ ಕನೆಕ್ಷನ್ ಎಂಬುದನ್ನು ಆನ್ ಮಾಡಿದರೆ ಇಂಥ ಹಿನ್ನೆಲೆ ಕೆಲಸಗಳು ಬಹುಮಟ್ಟಿಗೆ ತಡೆಯುತ್ತವೆ. ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಿ. ಸುರಕ್ಷತೆಯ ಅಪ್‌ಡೇಟುಗಳು ಬೇಕೇ ಬೇಕು. ಹಾಗೆಯೇ ವಿಂಡೋಸ್ ಅಪ್‌ಡೇಟಿನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಎಂಬ ಜಾಗವಿದೆ. ಅಲ್ಲಿ ಇಂಟರ್ನೆಟ್ಟಿನ ಇತರ ಕಂಪ್ಯೂಟರುಗಳೊಡನೆ ಹಂಚಿಕೊಳ್ಳುವ ಆಯ್ಕೆ ಆನ್ ಇದ್ದರೆ ನಿಮ್ಮ ನೆಟ್ಟಿನಿಂದ ಪರಊರಿನವರಿಗೆ ಅಪ್‌ಡೇಟ್ ಹೋಗಬಹುದು. ಅದನ್ನು ಮುಚ್ಚಿಡಬಹುದು.

ಕೇಬಲಿನದೂ ಒಂದು ಗುಟ್ಟಿದೆ. ನೆಟ್‌ವರ್ಕ್ ಕೇಬಲಿನೊಳಗೆ ನಾಲ್ಕು ಜೋಡಿ ತಂತಿ ಇರುತ್ತದೆ. 1000 ಮೆಗಾಬಿಟ್ ನಡೆಯಲು ನಾಲ್ಕೂ ಬೇಕು, 100ಕ್ಕೆ ಎರಡೇ ಸಾಕು. ಇಲಿ ಕಡಿದೋ ಬಾಗಿಲಿಗೆ ಸಿಕ್ಕಿಯೋ ಒಂದು ತಂತಿ ತುಂಡಾದರೆ ನೆಟ್ ನಿಲ್ಲದೆ, ಸದ್ದಿಲ್ಲದೆ 100ಕ್ಕೆ ಇಳಿಯಬಹುದು. 200ರ ಪ್ಲಾನ್ ತೆಗೆದುಕೊಂಡವರಿಗೆ ಯಾವಾಗ ಅಳೆದರೂ 90ರ ಹತ್ತಿರ ಬರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ರೂಟರಿನ ಕಿಂಡಿಯೇ 100ರದ್ದಾಗಿದ್ದರೂ ಹೀಗೇ ಆಗುತ್ತದೆ.

ಇನ್ನು ಜನರ ಬಾಯಲ್ಲಿ ಓಡಾಡುವ ಹಳೆಯ ಸಲಹೆಗಳ ಮಾತು. ವಿಂಡೋಸ್ ಎಕ್ಸ್‌ಪಿ ಇದ್ದ ಕಾಲದಲ್ಲಿ ಒಂದು ಸುದ್ದಿ ಹಬ್ಬಿತು. ವಿಂಡೋಸ್ ನಿಮ್ಮ ನೆಟ್ಟಿನ ನೂರಕ್ಕೆ 20 ಪಾಲನ್ನು ತನಗಾಗಿ ಮೀಸಲಿಡುತ್ತದೆ, ಅದನ್ನು ಸೊನ್ನೆ ಮಾಡಿದರೆ ವೇಗ ಹೆಚ್ಚುತ್ತದೆ ಎಂದು. ಮೈಕ್ರೋಸಾಫ್ಟ್ ಆಗಲೇ ಇದನ್ನು ಅಲ್ಲಗಳೆಯಿತು. ಯಾವುದಾದರೂ ಪ್ರೋಗ್ರಾಂ ಪ್ರತ್ಯೇಕವಾಗಿ ಕೇಳಿ ಬಳಸುವಾಗ ಮಾತ್ರ ಆ ಪಾಲು ಅದಕ್ಕೆ ಸಲ್ಲುತ್ತದೆ, ಉಳಿದ ಸಮಯದಲ್ಲಿ ಪೂರ್ತಿ ನಿಮ್ಮದೇ. ಆದರೂ ಇಂದಿಗೂ ಈ ಸಲಹೆ ಕೊಡುವವರು ಸಿಗುತ್ತಾರೆ.

ಇನ್ನೊಂದು ಸಲಹೆ ಒಂದು ಕಾಲಕ್ಕೆ ನಿಜವಾಗಿತ್ತು. ಮಾಹಿತಿ ಕಂತು ಕಂತಾಗಿ ಬರುತ್ತದೆ ಎಂದೆನಲ್ಲ. ರಸೀದಿ ಬರುವ ಮೊದಲು ಎಷ್ಟು ಕಂತು ಕಳಿಸಬಹುದು ಎಂಬುದಕ್ಕೆ ಒಂದು ಮಿತಿಯಿದೆ. ಅದಕ್ಕೆ ರಿಸೀವ್ ವಿಂಡೋ ಎನ್ನುತ್ತಾರೆ. ಊರಾಚೆಯ ಚೆಕ್ಕುಗಳನ್ನು ಅಂಚೆಯಲ್ಲಿ ಕಳಿಸಿ, ಅಡ್ವೈಸ್ ಬರುವವರೆಗೆ ಮುಂದಿನ ಕಟ್ಟು ಕಳಿಸದೆ ಕುಳಿತ ಹಾಗೆ. ಎಕ್ಸ್‌ಪಿ ಕಾಲದಲ್ಲಿ ಈ ಮಿತಿ ಸಾಮಾನ್ಯವಾಗಿ ಸುಮಾರು 17 ಸಾವಿರ ಬೈಟ್ ಇತ್ತು. ಅಮೆರಿಕದ ಕಂಪ್ಯೂಟರಿಗೆ ಹೋಗಿ ಬರಲು ಕಾಲು ಸೆಕೆಂಡ್ ಬೇಕೆಂದಿಟ್ಟುಕೊಳ್ಳಿ. ಸೆಕೆಂಡಿಗೆ ನಾಲ್ಕೇ ಕಟ್ಟು, ಅಂದರೆ ಸುಮಾರು 70 ಸಾವಿರ ಬೈಟ್, ಬಿಟ್ ಲೆಕ್ಕದಲ್ಲಿ ಅರ್ಧ ಮೆಗಾಬಿಟ್ಟಿಗಿಂತ ಸ್ವಲ್ಪ ಹೆಚ್ಚು. ಮನೆಯಲ್ಲಿ 2 ಮೆಗಾಬಿಟ್ ಲೈನಿದ್ದರೂ ಒಂದು ಫೈಲು ಅದಕ್ಕಿಂತ ವೇಗವಾಗಿ ಇಳಿಯುತ್ತಿರಲಿಲ್ಲ. ಆಗ ಈ ಸಂಖ್ಯೆಯನ್ನು ದೊಡ್ಡದು ಮಾಡಿದವರಿಗೆ ನಿಜಕ್ಕೂ ಲಾಭವಾಯಿತು. ಆದರೆ 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಕಂಪ್ಯೂಟರು ಈ ಮಿತಿಯನ್ನು ಲೈನಿಗೆ ತಕ್ಕಂತೆ ತಾನೇ ಏರಿಸಿ ಇಳಿಸಿಕೊಳ್ಳುತ್ತದೆ. ಈಗ ಹಳೆಯ ಸಂಖ್ಯೆ ತುಂಬಲು ಹೋದರೆ, ಇಲ್ಲವೇ ಆ ಸ್ವಯಂ ಹೊಂದಾಣಿಕೆಯನ್ನು ಮುಚ್ಚಿದರೆ, ವೇಗ ಕಡಿಮೆಯಾದೀತು. ಅದನ್ನು ಅದರ ಪಾಡಿಗೆ ಬಿಡಿ.

ಎಂಟಿಯು ಎಂಬುದು ಒಂದೊಂದು ಕಂತಿನ ಗಾತ್ರ. ಸಾಮಾನ್ಯವಾಗಿ 1500 ಬೈಟ್. ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕವಾಗುವ ಪಿಪಿಪಿಒಇ ಲೈನಿನಲ್ಲಿ ಲಕೋಟೆಗೇ 8 ಬೈಟ್ ಹೋಗುವುದರಿಂದ ಅದು 1492 ಆಗುತ್ತದೆ. ಕೆಲವು ತಾಣ ಸಲೀಸಾಗಿ ತೆರೆದು, ಕೆಲವು ಮಾತ್ರ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದ್ದರೆ ರೂಟರಿನಲ್ಲಿ ಈ ಅಂಕಿಯನ್ನು ನೋಡಿಸಿ. ಎಲ್ಲವೂ ಸರಿಯಿದ್ದರೆ ಮುಟ್ಟಬೇಡಿ.

ಡಿಎನ್‌ಎಸ್ ಎಂಬುದು ತಾಣದ ಹೆಸರು ಕೊಟ್ಟರೆ ಅದರ ಸಂಖ್ಯೆ ಹುಡುಕಿಕೊಡುವ ಟೆಲಿಫೋನ್ ಡೈರೆಕ್ಟರಿ ಇದ್ದ ಹಾಗೆ. ಗೂಗಲ್‌ನ 8.8.8.8 ಎಂಬುದು 2009ರಿಂದ, ಕ್ಲೌಡ್‌ಫ್ಲೇರ್‌ನ 1.1.1.1 ಎಂಬುದು 2018ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿವೆ. ನಿಮ್ಮ ಕಂಪನಿಯ ಡೈರೆಕ್ಟರಿ ನಿಧಾನವಾಗಿದ್ದರೆ ಇವನ್ನು ಹಾಕಿದಾಗ ಪುಟ ತೆರೆಯಲು ಶುರುವಾಗುವುದು ಬೇಗ ಆಗುತ್ತದೆ. ಆದರೆ ನಂಬರು ಬೇಗ ಸಿಕ್ಕಿತೆಂದು ಫೋನಿನ ಮಾತು ವೇಗವಾಗುವುದಿಲ್ಲವಷ್ಟೆ. ಹಾಗೆಯೇ ಫೈಲು ಇಳಿಯುವ ವೇಗ ಇದರಿಂದ ಹೆಚ್ಚುವುದಿಲ್ಲ.

ಯಾವ ಸೆಟ್ಟಿಂಗಾದರೂ ಸರಿ, ಮೊದಲಿದ್ದ ಅಂಕಿಯನ್ನು ಬರೆದುಕೊಂಡು ಆಮೇಲೆ ಬದಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅಳೆಯಿರಿ. ಲಾಭವಾಗದಿದ್ದರೆ ಮೊದಲಿನಂತೆ ಮಾಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಎಂದು ದೇವರಿಗೇ ಗೊತ್ತು.

ದೋಷ ಹೊರಗಿನ ಲೈನಿನದಾದರೆ ಕಂಪ್ಯೂಟರಿನ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು. ತಾಮ್ರದ ತಂತಿಯಿದ್ದವರಿಗೆ ನಮ್ಮ ಕರಾವಳಿಯ ಮಳೆಗಾಲ ಗೊತ್ತೇ ಇದೆ. ಜೂನಿನಲ್ಲಿ ಜಾಯಿಂಟಿಗೆ ನೀರು ಇಳಿದರೆ ಫೋನಿನಲ್ಲಿ ಕರಕರ ಸದ್ದು, ನೆಟ್ ಆಗಾಗ ಕಡಿತ. ಫೈಬರಿಗೆ ನೀರಿನ ಭಯ ಅಷ್ಟಿಲ್ಲ. ಆದರೆ ಅದರೊಳಗೆ ಹರಿಯುವುದು ಬೆಳಕು, ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಿಚಿದರೆ ಬೆಳಕು ಸೋರಿಹೋಗುತ್ತದೆ. ಗೋಡೆಯ ಡಬ್ಬಿಯಲ್ಲಿ ಲಾಸ್ ಎಂಬ ಕೆಂಪು ದೀಪ ಉರಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ಪ್ಲಾನಿನ ಮಿತಿಯನ್ನೂ ನೋಡಿಕೊಳ್ಳಿ. ತಿಂಗಳ ಡೇಟಾ ಮುಗಿದ ಮೇಲೆ ವೇಗ ಇಳಿಸುವ ಷರತ್ತು ಹಲವು ಪ್ಲಾನುಗಳಲ್ಲಿದೆ. 20ನೇ ತಾರೀಕಿನ ನಂತರ ಮಾತ್ರ ನಿಧಾನವಾಗುತ್ತಿದ್ದರೆ ಕಾರಣ ಅದೇ ಇರಬಹುದು. ಪೋಳೆ, ಮಾಜಾಳಿ, ಅನಮೋಡದ ಕಡೆ ಮೊಬೈಲನ್ನೇ ಮನೆಯ ನೆಟ್ ಮಾಡಿಕೊಂಡವರು ಅದನ್ನು ಟವರ್ ಇರುವ ದಿಕ್ಕಿನ ಕಿಟಕಿಯಲ್ಲಿಡಿ. ಟವರಿನ ಶಕ್ತಿ ಎಲ್ಲರಿಗೂ ಹಂಚಿಹೋಗುವಂಥದ್ದು. ಇಲ್ಲಿ ಫಾತೋರ್ಡಾದ ನೆಹರೂ ಕ್ರೀಡಾಂಗಣಕ್ಕೆ ಫುಟ್ಬಾಲ್ ನೋಡಲು ಸಾವಿರಾರು ಜನ ಸೇರಿದ ಸಂಜೆ ಸುತ್ತಲಿನ ಮೊಬೈಲ್ ನೆಟ್ ಸೊರಗುವುದು ಇದೇ ಕಾರಣಕ್ಕೆ.

ದೋಷ ಸಮುದ್ರದಲ್ಲೂ ಇರಬಹುದು. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲುಗಳು ತುಂಡಾಗಿ, ಭಾರತದಲ್ಲೆಲ್ಲ ನೆಟ್ ಹಲವು ದಿನ ಕುಂಟಿತು. ಅಂಥ ದಿನಗಳಲ್ಲಿ ಕಾಯುವುದೊಂದೇ ದಾರಿ. ಉಳಿದ ದಿನಗಳಲ್ಲಿ ದೂರು ಕೊಡಿ. 'ನೆಟ್ ನಿಧಾನ' ಎಂದರೆ ಆಚೆಯವರು 'ನೋಡುತ್ತೇವೆ' ಎನ್ನುತ್ತಾರೆ. 'ಕೇಬಲ್ ಹಾಕಿ, ಇಂಥ ದಿನ, ಇಂಥ ಹೊತ್ತು ಮೂರು ಸಲ ಅಳೆದಿದ್ದೇನೆ, 40ರ ಬದಲು 8 ಬಂದಿದೆ' ಎಂದು ನೋಟ್ ಪುಸ್ತಕ ನೋಡಿ ಹೇಳಿದರೆ ಮಾತಿಗೆ ತೂಕ ಬರುತ್ತದೆ. ದೂರಿನ ನಂಬರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ಬ್ಯಾಂಕಿನವನಾಗಿ ಒಂದು ಮಾತು. 'ನಾವು ನೆಟ್ ಕಂಪನಿಯವರು, ನಿಮ್ಮ ವೇಗ ಹೆಚ್ಚಿಸಿಕೊಡುತ್ತೇವೆ' ಎಂದು ಫೋನ್ ಬರುತ್ತದೆ. ಕನ್ನಡ, ಕೊಂಕಣಿ, ಹಿಂದಿ ಯಾವ ಭಾಷೆಯಲ್ಲಾದರೂ ಬಂದೀತು. ನಿಮ್ಮ ಪರದೆಯನ್ನು ದೂರದಿಂದ ನೋಡುವ ಒಂದು ಆ್ಯಪ್ ಹಾಕಿಸುತ್ತಾರೆ. ಪರೀಕ್ಷೆಗೆಂದು ಹತ್ತು ರೂಪಾಯಿ ಕಟ್ಟಲು ಹೇಳುತ್ತಾರೆ. ನೀವು ಪಿನ್ ಒತ್ತುವುದನ್ನು, ಬಂದ ಓಟಿಪಿಯನ್ನು ಅವರು ಅಲ್ಲಿಂದಲೇ ನೋಡುತ್ತಾರೆ. ವರ್ಷಗಟ್ಟಲೆ ದುಡಿದ ಹಣ ಹತ್ತು ನಿಮಿಷದಲ್ಲಿ ಖಾಲಿಯಾಗುತ್ತದೆ. ನೀವಾಗಿಯೇ ದೂರು ಕೊಡದೆ ಬಂದ ಇಂಥ ಕರೆಗೆ ಉತ್ತರ ಒಂದೇ, ಫೋನ್ ಇಟ್ಟುಬಿಡುವುದು. ಒಂದು ಗುಂಡಿ ಒತ್ತಿದರೆ ವೇಗ ಇಮ್ಮಡಿ ಎನ್ನುವ ಆ್ಯಪುಗಳನ್ನೂ ಹಾಕಿಕೊಳ್ಳಬೇಡಿ. ಲೈನಿನಲ್ಲಿ ಇಲ್ಲದ ವೇಗವನ್ನು ಯಾವ ಆ್ಯಪೂ ತಂದುಕೊಡದು. ಅಕಸ್ಮಾತ್ ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕಳ್ಳನ ಖಾತೆಯಿಂದ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ತಿಳಿಸಿದರೆ ಮಾತ್ರ.

ಕಂಪ್ಯೂಟರಿನ ಸೆಟ್ಟಿಂಗು ಹೊಸ ವೇಗವನ್ನು ಹುಟ್ಟಿಸುವುದಿಲ್ಲ. ನೀವು ದುಡ್ಡು ಕೊಟ್ಟ ವೇಗ ನಿಮ್ಮ ಕೈಗೆ ಮುಟ್ಟುವ ದಾರಿಯಲ್ಲಿ ಏನಾದರೂ ಅಡ್ಡವಿದ್ದರೆ ಅದನ್ನು ತೆಗೆಯುತ್ತದೆ, ಅಷ್ಟೇ. ಆದ್ದರಿಂದ ಈ ವಾರ ಬಿಡುವು ಮಾಡಿಕೊಂಡು ಒಂದು ಕೇಬಲ್, ಒಂದು ನೋಟ್ ಪುಸ್ತಕ ಹಿಡಿದು ಕುಳಿತುಕೊಳ್ಳಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಭಾಗಾಕಾರದ ಲೆಕ್ಕವನ್ನು ಅವರೇ ಮಾಡಲಿ.